ಕೊನೆಯವಳ ಹಸಿವು

ಮೂರು ಫ್ಲಾಪಿಗಳಲ್ಲಿ ಒಂದನ್ನು ಆರಿಸಬೇಕಿತ್ತು, ಅದೂ ಮಧ್ಯಾಹ್ನದೊಳಗೆ. ಸುಮಿತ್ರಾ ಬೆಳಗಿನಿಂದ ಅವನ್ನು ಕಂಪ್ಯೂಟರಿನ ಪಕ್ಕದಿಂದ ಊಟದ ಮೇಜಿಗೆ, ಮೇಜಿನಿಂದ ಮತ್ತೆ ಕಂಪ್ಯೂಟರಿನ ಪಕ್ಕಕ್ಕೆ ಎತ್ತಿಡುತ್ತಲೇ ಇದ್ದಳು. ಮೂವತ್ತೆಂಟು ವರ್ಷದ ಗೃಹಿಣಿ ಒಂದು ಆಟದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದಾಳೆಂದು ತಿಳಿದರೆ ಮುಂಬಯಿ ಪವಾಯಿಯ ಈ ಕ್ವಾರ್ಟರ್ಸಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕಾರು. ನಗಲಿ ಬಿಡಿ, ಅವರಿಗೇನು ಗೊತ್ತು. ಹುಳಿಗೆ ಉಪ್ಪು ಎರಡು ಸಲ ಹಾಕಿದೆನೋ, ಒಂದು ಸಲವೂ ಹಾಕಲಿಲ್ಲವೋ ಅವಳಿಗೆ ನೆನಪಿರಲಿಲ್ಲ. ರುಚಿ ನೋಡೋಣವೆಂದರೆ ದೇವರ ನೈವೇದ್ಯ ಇನ್ನೂ ಆಗಿರಲಿಲ್ಲ. ಆರಿಸಬೇಕಾದದ್ದು ಇನ್ನೊಂದೂ ಇತ್ತು. ಸಂಜೆ ವಿಲೆ ಪಾರ್ಲೆಗೆ ಹೋಗಿ ಮೈದುನ ರಮಾನಾಥನಿಗೆ ಹೆಣ್ಣು ನೋಡಬೇಕು. ಅತ್ತೆ ಸರಸ್ವತಮ್ಮನವರಿಗೆ ಮಂಡಿನೋವು, ಮೆಟ್ಟಿಲಿಳಿಯಲಾರರು. "ನೀನು ನೋಡಿ ಬಂದು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ" ಎಂದು ಜಪಮಣಿ ಎಣಿಸುತ್ತಲೇ ತೀರ್ಪು ಕೊಟ್ಟುಬಿಟ್ಟಿದ್ದರು. ಅದು ಸಾಲದೆಂಬಂತೆ ನಿನ್ನೆ ಊಟವಾದ ಮೇಲೆ ಕೈತೊಳೆಯುತ್ತಾ ರಮಾನಾಥ ಹಿಂದಿರುಗಿ ನೋಡದೆಯೇ ಹೇಳಿದ್ದ: "ನಿಮಗೆ ಬೇಡ ಅನ್ನಿಸಿದರೆ ನನಗೂ ಬೇಡ ಅತ್ತಿಗೆ." ಆ ಮಾತನ್ನು ಹೇಗೆ ತೆಗೆದುಕೊಳ್ಳಬೇಕು? ಬರಿಯ ಮರ್ಯಾದೆಯೇ, ಅಥವಾ ಬೇಡ ಅನ್ನಿ ಎಂಬ ಕೋರಿಕೆಯೇ? ಅವಳು ಅರ್ಧ ರಾತ್ರಿ ಅದನ್ನು ಮಗುಚಿ ಮಗುಚಿ ನೋಡಿದ್ದಳು, ಪಕ್ಕದಲ್ಲಿ ಗಂಡ ರಾಮಸ್ವಾಮಿ ಗೊರಕೆ ಹೊಡೆಯುತ್ತಿದ್ದರು.

ಆಟ ಅಂದರೆ ಮಹಾ ಏನಲ್ಲ. ವಿಕ್ರೋಳಿಯ ಆಫೀಸಿಗೆ ಹೊಸ ಮೆಷಿನ್ನುಗಳು ಬಂದಾಗ ರಮಾನಾಥ ಹಳೆಯದೊಂದನ್ನು ಮನೆಗೆ ತಂದು ಹಾಲಿನ ಮೂಲೆಯಲ್ಲಿಟ್ಟ. ಶನಿವಾರಗಳಲ್ಲಿ ಅತ್ತಿಗೆ ಮೈದುನ ಅದರ ಮುಂದೆ ಕೂತು ಆಡುತ್ತಿದ್ದರು. ಕಪ್ಪು ತೆರೆ, ಹಸಿರು ಗೆರೆ. ಆ ಗೆರೆಗಳೇ ಗೋಡೆ, ಗೆರೆಗಳೇ ಬಾಗಿಲು. ನೆಲದಡಿಯ ಒಂದು ಹಾಳು ಕೋಟೆಯೊಳಗೆ ನಾಲ್ಕು ಜನ ಇಳಿಯಬೇಕು, ರಾಕ್ಷಸರನ್ನೂ ಅಸ್ಥಿಪಂಜರಗಳನ್ನೂ ಕೊಲ್ಲುತ್ತಾ ತಳದಲ್ಲಿರುವ ಕಿರೀಟವನ್ನು ತರಬೇಕು. "ನಾಲ್ಕು ಹೆಸರು ಹೇಳಿ ಅತ್ತಿಗೆ" ಎಂದಿದ್ದ ಮೊದಲ ದಿನ. ಹೆಸರು ಎಂದರೆ ಅವಳಿಗೆ ಹೊಳೆದದ್ದು ಎಲೆ ಹಾಕುವ ಕ್ರಮ. ಅಮ್ಮ ಅಂದಳು, ನಿಮ್ಮಣ್ಣ ಅಂದಳು, ಗಂಡನ ಹೆಸರು ಬಾಯಲ್ಲಿ ಬರುವುದಿಲ್ಲವಲ್ಲ. ಆಮೇಲೆ ನೀನು, ಆಮೇಲೆ ನಾನು. ಅವನು ನಗುತ್ತಾ ಹಾಗೆಯೇ ಒತ್ತಿದ. ಹೀಗಾಗಿ ಆ ಕತ್ತಲೆಯ ಕೋಟೆಯಲ್ಲಿ ಎಪ್ಪತ್ತೆರಡು ವರ್ಷದ ಸರಸ್ವತಮ್ಮನವರು ಕತ್ತಿ ಹಿಡಿದು ಎಲ್ಲರಿಗಿಂತ ಮುಂದೆ, ಅವರ ಹಿಂದೆ ಮಕ್ಕಳಿಬ್ಬರು, ಎಲ್ಲರಿಗಿಂತ ಹಿಂದೆ 'ಅತ್ತಿಗೆ'. "ಅಮ್ಮಾ, ಈಗ ನೀವೊಬ್ಬ ರಾಕ್ಷಸನ್ನ ಕಡಿದಿರಿ!" ಎಂದು ಅವನು ಕೂಗಿದರೆ ಒಳಗಿನಿಂದ ಮುದುಕಿ, "ಹೂಂ, ಕಡೀದೆ ಏನು, ನಿಮ್ಮಪ್ಪನ ಜೊತೆ ಮೂವತ್ತು ವರ್ಷ ಬಾಳಿದೋಳು ನಾನು" ಎನ್ನುತ್ತಿದ್ದರು. ಸುಮಿತ್ರಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಾಗೆ ನಗುವುದು ತನಗೆ ಬರುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು.

ತೊಂದರೆ ಇದ್ದದ್ದು ಬುತ್ತಿಯಲ್ಲಿ. ಕೋಟೆಯೊಳಗೆ ಆಗಾಗ ಊಟ ಹಂಚಬೇಕು, ಅದು ಸಾಲಿನ ಮೊದಲಿನವರಿಂದ ಶುರುವಾಗಿ ಕೊನೆಗೆ ಬರುತ್ತದೆ. ಕಮ್ಮಿ ಬಿದ್ದರೆ ಕೊನೆಯವರಿಗಿಲ್ಲ. ಮೊದಲು ಅವಳ ಹೆಸರಿನ ಮುಂದೆ ಹಸಿವು ಎಂದು ಬರುತ್ತಿತ್ತು, ಆಮೇಲೆ ನಿತ್ರಾಣ, ಆಮೇಲೆ ಹೆಸರೇ ಆರಿಹೋಗುತ್ತಿತ್ತು. ಪ್ರತಿ ಸಲವೂ ಅವಳೇ. ರಮಾನಾಥ ಮೊದಲು ಉಳಿಸಿಟ್ಟಿದ್ದ ಆಟವನ್ನು ಮತ್ತೆ ತೆರೆದು ಅವಳನ್ನು ಬದುಕಿಸುತ್ತಿದ್ದ, ಇನ್ನೊಂದು ಶನಿವಾರಕ್ಕೆ ಅವಳು ಮತ್ತೆ ಸಾಯುತ್ತಿದ್ದಳು. ಅವಳಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಮದುವೆಯಾದ ಹೊಸತರಲ್ಲಿ, ಊರಿಂದ ಯಾರೋ ಎಂಟು ಜನ ಹೇಳದೆ ಕೇಳದೆ ಬಂದಿಳಿದ ದಿನ, ಪಾತ್ರೆ ಕೆರೆದರೂ ಸೌಟಿಗೆ ಏನೂ ಸಿಗದೆ ಮಜ್ಜಿಗೆಗೆ ಉಪ್ಪು ಹಾಕಿಕೊಂಡು ಕುಡಿದು ಮಲಗಿದ್ದಳು. ಕೊನೆಯಲ್ಲಿ ಉಂಡರೆ ಯಾರಿಗೆ ಕಮ್ಮಿಯಾಯ್ತು ಅಂತ ಯಾರಿಗೂ ಗೊತ್ತಾಗಲ್ಲ ಕಣೇ, ಎಂದು ಅವಳ ತಾಯಿ ಹೇಳುತ್ತಿದ್ದುದುಂಟು. ಅದು ಜಾಣತನದ ಮಾತೋ ದುಃಖದ್ದೋ ಆಗ ಕೇಳಬೇಕಿತ್ತು, ಕೇಳಲಿಲ್ಲ. ಆ ರಾತ್ರಿ ಅವಳು ಉಂಡಳೇ ಎಂದು ವಿಚಾರಿಸಿದವರಿಲ್ಲ. ಹದಿನೇಳು ವರ್ಷದ ರಮಾನಾಥನೂ ಆಗ ಅದೇ ಮನೆಯಲ್ಲಿದ್ದ, ಎರಡು ಸಲ ಅನ್ನ ಹಾಕಿಸಿಕೊಂಡಿದ್ದ.

ಅಂಥವನು ಈಗ ಗಮನಿಸಿದ್ದ! "ಈ ಆಟಾನ ಸ್ವಲ್ಪ ಸರಿಮಾಡಬೇಕು ಅತ್ತಿಗೆ" ಎಂದು ತಿಂಗಳಿಂದ ಹೇಳುತ್ತಿದ್ದವನು ಈ ಬೆಳಿಗ್ಗೆ ಹೊರಡುವ ಮುಂಚೆ ಮೂರು ಫ್ಲಾಪಿ ತಂದು ಅವಳ ಮುಂದಿಟ್ಟ. ಆಟದ ಹೊಟ್ಟೆಯೊಳಗೆ ಕೈಹಾಕಿ ಎಲ್ಲೋ ಒಂದೆರಡು ಕಡೆ ತಿದ್ದುವುದಂತೆ, ಆಫೀಸಿನವರು ಅದನ್ನು ಪ್ಯಾಚ್ ಅನ್ನುತ್ತಾರಂತೆ. ಮೊದಲನೆಯದು ಹಾಕಿದರೆ ನಾಲ್ವರಿಗೂ ದುಪ್ಪಟ್ಟು ಬಲ. ಎರಡನೆಯದು ಹಾಕಿದರೆ ಕೋಟೆಯ ಕತ್ತಲೆಯೆಲ್ಲ ಮಾಯ, ಯಾವ ಬಾಗಿಲ ಹಿಂದೆ ಏನಿದೆಯೆಂದು ಮೊದಲೇ ಕಾಣುತ್ತದೆ. "ಮೂರನೇದು ನಿಮಗೋಸ್ಕರಾನೇ ಮಾಡಿಸಿದ್ದು. ಆಫೀಸಲ್ಲಿ ಒಬ್ಬರಿಗೆ ಹೇಳಿ ಬರೆಸಿದೆ. ಇದನ್ನ ಹಾಕಿದರೆ ಸಾಲಲ್ಲಿ ಕೊನೇಲಿರೋರಿಗೆ ಹಸಿವೇ ಆಗೋಲ್ಲ. ಆದರೆ ಮೂರರಲ್ಲಿ ಒಂದೇ ಹಾಕೋಕಾಗೋದು, ಒಂದರ ಮೇಲೊಂದು ಹಾಕಿದರೆ ಆಟ ಕೆಟ್ಟುಹೋಗುತ್ತೆ. ಮಧ್ಯಾಹ್ನ ಬರ್ತೀನಿ, ಆರಿಸಿಡಿ." ನಿಮಗೋಸ್ಕರಾನೇ. ಸ್ಕೂಟರಿನ ಸದ್ದು ಕೆರೆಯ ತಿರುವಿನಲ್ಲಿ ಕರಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ತನ್ನ ಹಸಿವಿನ ಬಗ್ಗೆ ಒಬ್ಬ ಮನುಷ್ಯ ಕೂತು ಯೋಚನೆ ಮಾಡಿದ್ದಾನೆ, ಯಾರನ್ನೋ ಹಿಡಿದು ಮದ್ದು ಮಾಡಿಸಿದ್ದಾನೆ. ಅಯ್ಯೋ ಶಿವನೇ, ಇದಕ್ಕೇನು ಮಾಡಲಿ?

ಇದರಲ್ಲಿ ತಪ್ಪೇನಿತ್ತು? ತಪ್ಪಿರಲಿಲ್ಲ. ಅತ್ತೆ ಪಕ್ಕದ ಕೋಣೆಯಲ್ಲೇ ಕೂತಿರುತ್ತಿದ್ದರು, ಬಾಗಿಲು ತೆರೆದೇ ಇರುತ್ತಿತ್ತು, ಗಂಡ ಅಲ್ಲೇ ಪೇಪರು ಓದುತ್ತಿದ್ದರು. ತಪ್ಪಿಲ್ಲದಿದ್ದರೆ ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆಯನ್ನು ಯಾಕೆ ಉಡಬೇಕು? ಒಂದು ಸಲ ಬಾಣದ ಗುರುತಿನ ಗುಂಡಿಯ ಮೇಲೆ ಅವನ ಬೆರಳ ಗೆಣ್ಣು ಅವಳ ಗೆಣ್ಣಿಗೆ ತಾಗಿತ್ತು. ಅವನು ಕ್ಷಮಿಸಿ ಎನ್ನಲೂ ಇಲ್ಲ, ಗಮನಿಸಲೂ ಇಲ್ಲ, ರಾಕ್ಷಸನನ್ನು ಹೊಡೆಯುವುದರಲ್ಲಿದ್ದ. ಆ ಸಂಜೆ ದೀಪ ಹಚ್ಚುವ ಮುಂಚೆ ಅವಳು ಎರಡು ಸಲ ಕೈ ತೊಳೆದುಕೊಂಡಳು. ಇವತ್ತಿನ ಹೆಣ್ಣು ಒಪ್ಪಿಗೆಯಾದರೆ ಅವನು ವಿಕ್ರೋಳಿಯ ಕಂಪನಿ ಕ್ವಾರ್ಟರ್ಸಿಗೆ ಹೋಗುತ್ತಾನೆ, ಕಂಪ್ಯೂಟರೂ ಹೋಗುತ್ತದೆ, ಶನಿವಾರವೂ ಹೋಗುತ್ತದೆ. ಒಪ್ಪಿಗೆಯಾಗದಿರಲಿ ಎಂದು ತಾನು ಬಯಸುತ್ತಿದ್ದೇನೆಯೇ? ಹುಡುಗಿಯ ಮೂಗು ಸೊಟ್ಟಗಿರಲಿ, ಮಾತು ಒರಟಾಗಿರಲಿ ಎಂದೆಲ್ಲ ಆಸೆಪಡುತ್ತಿದ್ದೇನೆಯೇ? ಥೂ, ಎಂದುಕೊಂಡಳು. ಯೋಚನೆ ಅಲ್ಲೇ ನಿಂತಿತ್ತು, ಕದಲಲಿಲ್ಲ.

ಕೈಗೆ ಕೆಲಸ ಬೇಕೆನ್ನಿಸಿ ಅವಳು ಕಂಪ್ಯೂಟರನ್ನು ಒರೆಸತೊಡಗಿದಳು. ಬೆಳಿಗ್ಗೆ ಅವನು ತೋರಿಸಲೆಂದು ಹಚ್ಚಿದ್ದ ಆಟ ಹಾಗೆಯೇ ಉರಿಯುತ್ತಿತ್ತು; ಆರಿಸಿ ಒರೆಸಬೇಕೆಂಬುದು ಅವಳಿಗೆ ತೋಚಲಿಲ್ಲ. ದೇವರ ತಟ್ಟೆ ಒರೆಸುವ ಹಾಗೆ ಗುಂಡಿಗಳ ಮೇಲೆ ಒದ್ದೆಬಟ್ಟೆಯನ್ನು ಅತ್ತಿತ್ತ ಎಳೆದಳು. ಪೆಟ್ಟಿಗೆ ಕೀಂ ಎಂದಿತು. ತಲೆಯೆತ್ತಿ ನೋಡಿದರೆ ಹೆಸರುಗಳ ಸಾಲು ತಲೆಕೆಳಗಾಗಿತ್ತು. ಎಲ್ಲಕ್ಕಿಂತ ಮೇಲೆ ಅತ್ತಿಗೆ, ಅವಳ ಕೆಳಗೆ ರಾಮು ಎಂಬ ರಮಾನಾಥ, ಆಮೇಲೆ ಅಣ್ಣ, ತಳದಲ್ಲಿ ಅಮ್ಮ. ಕೆಡಿಸಿಬಿಟ್ಟೆ. ಅಡುಗೆಮನೆಯ ಕಡೆಯಿಂದ ಅತ್ತೆ, "ಏನದು ಸದ್ದು?" ಎಂದರು. "ಏನಿಲ್ಲ ಅಮ್ಮ" ಎಂದಳು. ಸರಿಮಾಡಲೆಂದು ಗುಂಡಿಗಳನ್ನು ಒಂದೊಂದಾಗಿ ಒತ್ತಿದಳು, ಅವುಗಳಲ್ಲಿ ಊಟದ ಗುಂಡಿಯೂ ಇತ್ತು. ಬುತ್ತಿ ಹಂಚಿಕೆಯಾಯಿತು. ಮೊದಲ ತುತ್ತು ಅವಳಿಗೆ ಬಂತು. ಹಸಿವು ಎಂಬ ಮಾತು ಅವಳ ಹೆಸರಿನ ಪಕ್ಕದಿಂದ ತೊಲಗಿತು, ಅಮ್ಮನ ಪಕ್ಕದಲ್ಲಿ ಹೋಗಿ ಕೂತಿತು. ಆಮೇಲೆ ಒಂದು ಅಸ್ಥಿಪಂಜರ ಎದುರಾಯಿತು. ಓಡಿಹೋಗುವುದು ಗೊತ್ತಿಲ್ಲದೆ ಹೊಡೆದಳು, ಅದು ಬಿತ್ತು. ಯಾವ ಪ್ಯಾಚೂ ಹಾಕಿರಲಿಲ್ಲ. ಅತ್ತೆಯನ್ನು ಉಪವಾಸ ಕೆಡವಿದ ಪಾಪ ಒಂದು ಕಡೆ, ಕಿವಿಯ ತುದಿಯವರೆಗೂ ಏರಿದ ಖುಷಿ ಇನ್ನೊಂದು ಕಡೆ. ಎರಡರಲ್ಲಿ ಯಾವುದನ್ನು ನಂಬಬೇಕೋ ತಿಳಿಯದೆ ಅವಳು ಒದ್ದೆಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಮಧ್ಯಾಹ್ನ ರಮಾನಾಥ ಬಂದವನೇ ತೆರೆಯನ್ನು ನೋಡಿದ. "ಓ, ಸಾಲು ಬದಲಾಯಿಸಿದ್ದೀರಾ?"

"ನಾನಾ? ಒರೆಸಿದೆ ಅಷ್ಟೆ. ಕೆಟ್ಟುಹೋಯ್ತಾ?"

"ಕೆಟ್ಟಿಲ್ಲ. ಅದು ಮೊದಲಿಂದಲೂ ಆಟದಲ್ಲೇ ಇದೆ. ಇದೊಂದು, ಇದೊಂದು, ಎರಡು ಗುಂಡಿ ಒತ್ತಿದರೆ ಯಾರನ್ನ ಬೇಕಾದರೂ ಹಿಂದೆ ಮುಂದೆ ಮಾಡಬಹುದು. ತಾಳಿ, ಸರಿಮಾಡ್ತೀನಿ."

ನಿಂತಲ್ಲಿಂದಲೇ ಬಗ್ಗಿ ಟಕಟಕ ಒತ್ತಿದ. ಅಮ್ಮ ಮೇಲೆ ಹೋದರು, ಅಣ್ಣ ಹೋದ, ಅವನು ಹೋದ, ಅವಳು ಇಳಿದಳು. ಒಂದು ಗಳಿಗೆಯ ಕೆಲಸ. ಮೊದಲಿಂದಲೂ ಇದ್ದರೆ ಯಾಕೋ ಹೇಳಲಿಲ್ಲ ಎಂದು ಕೇಳಬೇಕೆಂದು ಅವಳ ನಾಲಗೆಯ ತುದಿಗೆ ಬಂತು. "ಯಾವುದು ಆರಿಸಿದಿರಿ?" ಎಂದ ಅವನು, ಕೈಗಡಿಯಾರ ನೋಡಿಕೊಳ್ಳುತ್ತಾ. "ಹಸಿವಿಂದೇ ತಾನೇ?"

"ಯಾವುದೂ ಬೇಡ" ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತೇನೋ ತನ್ನ ಮಾತು ಎಂದು ಆ ಕ್ಷಣವೇ ಅನ್ನಿಸಿತು. ಅವನ ಮುಖ ಸಣ್ಣದಾಯಿತು. "ಸರಿ, ನಿಮ್ಮಿಷ್ಟ" ಎಂದು ಊಟಕ್ಕೆ ಕೂತ. ಹುಳಿಗೆ ಉಪ್ಪು ಬಿದ್ದೇ ಇರಲಿಲ್ಲ. ಅವನು ಉಪ್ಪು ಕೇಳದೆಯೇ ಉಂಡ, ಅದಕ್ಕೆ ಅವಳಿಗೆ ಇನ್ನಷ್ಟು ನೋವಾಯಿತು.

ಪಾರ್ಲೆಯ ಮನೆ ಮೂರನೆಯ ಮಹಡಿಯಲ್ಲಿತ್ತು. ಧಾರವಾಡದ ಕಡೆಯವರು, ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ಮಾತು ಹಾಗೇ ಉಳಿಸಿಕೊಂಡವರು. ಹುಡುಗಿಯ ತಾಯಿ ಕಸ್ತೂರಿಬಾಯಿ ಬಾಗಿಲಲ್ಲೇ, "ಬರ್ರಿ, ಬರ್ರಿ, ಟ್ರಾಫಿಕ್ ಭಾಳ ಇತ್ತೇನು?" ಎಂದು ಕೈಹಿಡಿದು ಕರೆದುಕೊಂಡರು. ವಿಮಾನವೊಂದು ಮನೆಯ ಮೇಲೆಯೇ ಹಾದುಹೋಗಿ ಎಲ್ಲರ ಮಾತನ್ನೂ ನುಂಗಿತು. ಮುಗಿಯುವವರೆಗೆ ಎಲ್ಲರೂ ಬಾಯಿ ಮುಚ್ಚಿ ನಗುಮುಖ ಹಿಡಿದು ಕೂತಿದ್ದರು, ಆ ಮನೆಯವರಿಗೆ ಅದು ಅಭ್ಯಾಸ. ರಾಮಸ್ವಾಮಿಯವರೂ ಹುಡುಗಿಯ ತಂದೆಯೂ ಪ್ರಾವಿಡೆಂಟ್ ಫಂಡಿನ ಮಾತಿಗೆ ಇಳಿದರು. ರಮಾನಾಥ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ. ಹುಡುಗಿ ವನಮಾಲಾ ಉಪ್ಪಿಟ್ಟು ತಂದಳು, ಮೂಗು ಸೊಟ್ಟಗಿರಲಿಲ್ಲ. "ನೀವು ಒಳಗ ಹೋಗಿ ಹುಡುಗಿ ಕೂಡ ನಾಕು ಮಾತಾಡ್ರಿ, ಹಿರೇ ಸೊಸಿ ಅದೀರಿ" ಎಂದರು ಕಸ್ತೂರಿಬಾಯಿ. ಹೆಣ್ಣು ನೋಡುವ ಪದ್ಧತಿಯೇ ಹಾಗೆ, ಗಂಡಸರು ಹೊರಗೆ, ಗಂಡಿನ ಕಡೆಯ ಹೆಂಗಸು ಒಳಕೋಣೆಗೆ ಹೋಗಿ ಹುಡುಗಿಯ ಮಾತು, ನಡೆ, ಜಡೆ ಎಲ್ಲ ಪರೀಕ್ಷೆ ಮಾಡಿ ಬರಬೇಕು.

ಕೋಣೆಯ ಬಾಗಿಲು ಹಾಕಿಕೊಂಡವಳೇ ವನಮಾಲಾ ಮಂಚದ ಮೇಲೆ ಕಾಲು ಮಡಚಿ ಕೂತಳು. "ಕೂಡ್ರಿ ನಾ. ನನ್ನ ಕನ್ನಡ ಥೋಡಾ ಗಡ್‌ಬಡ್ ಅದ, ನಗಬ್ಯಾಡ್ರಿ. ಪ್ಯಾಚ್ ಹಾಕಿದ್ರೇನು, ನಂದು?"

"ನಿಮ್ಮದಾ?"

"ಹಸಿವಿಂದು. ನಾನs ಬರದದ್ದು. ಅವರು ಹೇಳಿಲ್ಲೇನು? ಅರೇ!" ಹುಡುಗಿ ನಾಲಗೆ ಕಚ್ಚಿಕೊಂಡಳು. "ನಾವು ಒಂದs ಡಿಪಾರ್ಟ್‌ಮೆಂಟು, ದೋ ಸಾಲ್ ಸೆ. ಪ್ರಪೋಸಲ್ ಹೊರಗಿಂದ ಬಂದಂಗ ಮಾಡೂಣು, ಮನ್ಯಾಗ ಸರಿ ಇರ್ತದ ಅಂದ್ರು. ನಾ ತಿಳಕೊಂಡಿದ್ದೆ ನಿಮಗಾದ್ರೂ ಹೇಳ್ಯಾರ ಅಂತ. ನಿಮ್ಮ ಸುದ್ದಿ ದಿನಾ ಹೇಳ್ತಾರ ನೋಡ್ರಿ. ಲಂಚ್ ಟೈಮಿನ್ಯಾಗ ನಾವೆಲ್ಲಾ ನಗತೀವಿ, ಬುರಾ ಮತ್ ಮಾನಿಯೇ, ಸಿಟ್ಟಾಗಬ್ಯಾಡ್ರಿ, ಅತ್ತಿ ಕತ್ತಿ ಹಿಡಕೊಂಡು ಮುಂದ, ಅತ್ತಿಗಿ ಉಪಾಸ ಹಿಂದ."

ಸುಮಿತ್ರಾಳಿಗೆ ಕೂತ ಮಂಚ ಕೆಳಗಿಳಿದಂತಾಯಿತು. ಡಬ್ಬಿಗಳನ್ನು ಬಿಚ್ಚಿಕೊಂಡು, ತಾನೇ ಕಟ್ಟಿಕೊಟ್ಟ ಚಪಾತಿಯನ್ನು ಮುರಿಯುತ್ತಾ, ಯಾರು ಯಾರೋ ತನ್ನ ಹಸಿವಿನ ಕಥೆ ಕೇಳಿ ನಗುತ್ತಿರುವುದು ಕಣ್ಣಿಗೆ ಕಟ್ಟಿತು. ಶನಿವಾರದ ಆ ಮೂಲೆ ತನ್ನೊಬ್ಬಳದೆಂದುಕೊಂಡಿದ್ದಳಲ್ಲ, ಎಂಥ ಹುಚ್ಚಿ! ಎರಡು ವರ್ಷ. ನಿಮಗೆ ಬೇಡವೆನ್ನಿಸಿದರೆ ನನಗೂ ಬೇಡ ಎಂದನಲ್ಲ, ಅದು ಹೂಂ ಅನ್ನಿಸುವ ಉಪಾಯವೇ ಆಗಿತ್ತೆಂದು ಈಗ ಹೊಳೆಯಿತು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡಂತೆ ಮಾಡಿ ಅದನ್ನು ಒರೆಸಿಕೊಂಡಳು.

ವನಮಾಲಾ ನಗುವುದನ್ನು ನಿಲ್ಲಿಸಿದ್ದಳು. "ನಾ ಅವರಿಗೆ ಹೇಳಿದೆ, ಪ್ಯಾಚ್ ಯಾಕ್ರಿ, ಎರಡು ಕೀ ಒತ್ತಿ ಅವರನ್ನ ಮುಂದ ತಗೊಂಬರ್ರಿ ಅಂತ. ಅವರೇನಂದ್ರು ಗೊತ್ತದ ಏನು? ಬ್ಯಾಡ, ಅತ್ತಿಗಿ ಹಿಂದಿದ್ರನs ಚಂದ, ಮನೀ ಮನೀಹಂಗ ಇರ್ತದ. ನಾ ಬರದು ಕೊಟ್ಟೆ. ಕೊಟ್ಟ ಮ್ಯಾಲೆ ನಿದ್ದಿ ಬರಲಿಲ್ಲ ನೋಡ್ರಿ. ಅದಕ್ಕs ನಿಮ್ಮನ್ನ ಕೇಳಬೇಕಂತ ಕೂತೀನಿ. ಲಗ್ನ ಆದಮ್ಯಾಲೆ ನನ್ನ ಎಲ್ಲೆ ನಿಂದರಸ್ತಾರ? ನೀವು ಒಂದs ಮನ್ಯಾಗ ಇಷ್ಟು ವರ್ಷ ನೋಡೀರಿ. ಸಚ್ ಬೋಲಿಯೇ, ಖರೇ ಹೇಳ್ರಿ."

ಯಾರೂ ಅವಳನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ತುಂಬಾ ಒಳ್ಳೆಯವನು ಎಂದುಬಿಟ್ಟರೆ ಮುಗಿಯಿತು, ಅದು ಸುಳ್ಳೂ ಅಲ್ಲ. ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನೇ, ಗದರಿ ಮಾತಾಡಿದವನಲ್ಲ. ಉಳಿದದ್ದನ್ನು ಹೇಳಿದರೆ ಒಂದು ಮದುವೆ ಮುರಿಯಬಹುದು. ಮುರಿಯಲಿ ಎಂದೇ ಹೇಳುತ್ತಿದ್ದೇನೆಯೇ? ಈ ಹುಡುಗಿಯ ಮೇಲಿನ ಕರುಣೆಯೇ, ಆ ಲಂಚ್ ಟೈಮಿನ ನಗುವಿಗೆ ಸೇಡೇ, ಅಥವಾ ಬೆಳಗಿನಿಂದ ಎದೆಯಲ್ಲಿ ಕೂತಿರುವ ಆ ಕೆಟ್ಟ ಆಸೆಯೇ ಈಗ ನ್ಯಾಯದ ಸೀರೆ ಉಟ್ಟುಕೊಂಡು ಬಂದಿದೆಯೇ? ಬಿಡಿಸಿ ನೋಡಲು ಹೋದಷ್ಟೂ ಸಿಕ್ಕು ಬಿಗಿಯಾಯಿತು. ಹುಡುಗಿ ಕಣ್ಣು ಕೀಳದೆ ಕಾಯುತ್ತಿದ್ದಳು.

"ಒಳ್ಳೆಯವನು" ಎಂದಳು ಸುಮಿತ್ರಾ. "ನಿನಗೆ ಹಸಿವಾದರೆ ಎಲ್ಲರಿಗಿಂತ ಮೊದಲು ಅವನಿಗೇ ಗೊತ್ತಾಗುತ್ತೆ."

"ಮತ್ತ?"

"ಗೊತ್ತಾಗುತ್ತೆ. ಅಷ್ಟೆ." ಮತ್ತೆ ಹೇಳಿದಳು: "ಇವತ್ತು ಬೆಳಿಗ್ಗೆ ನಾನು ಮುಂದೆ ಹೋಗಿದ್ದೆ, ಕೈತಪ್ಪಿ. ಸರಿಮಾಡ್ತೀನಿ ತಾಳಿ ಅಂತ ಅವನೇ ನನ್ನ ವಾಪಸ್ ಹಿಂದಕ್ಕೆ ಹಾಕಿದ. ಬೇಜಾರಿಂದಲ್ಲ, ಪ್ರೀತಿಯಿಂದಲೇ."

ಇನ್ನೊಂದು ವಿಮಾನ ಹಾದುಹೋಯಿತು.

ಹಾಲಿಗೆ ಬಂದಾಗ ಎಲ್ಲರೂ ಅವಳ ಮುಖ ನೋಡಿದರು. "ಏನು, ಹೇಗನ್ನಿಸ್ತು? ಅಮ್ಮ ನಿನ್ನ ಮಾತಿಗೇ ಬಿಟ್ಟಿದಾರಲ್ಲ" ಎಂದರು ರಾಮಸ್ವಾಮಿ. ಕಸ್ತೂರಿಬಾಯಿ ಸೆರಗಿನ ತುದಿಯನ್ನು ಸುತ್ತುತ್ತಿದ್ದರು. ರಮಾನಾಥ ಆಗಲೇ ಅರ್ಧ ನಕ್ಕಿದ್ದ. ಆ ಅರ್ಧ ನಗುವಿನಲ್ಲಿ ಅವಳ ಬಗ್ಗೆ ಎಷ್ಟು ನಂಬಿಕೆ ಇತ್ತೆಂದರೆ, ಅವಳು ಏನು ಹೇಳುತ್ತಾಳೆಂದು ಅವನಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

"ಹುಡುಗಿ ನನಗೆ ತುಂಬಾ ಒಪ್ಪಿಗೆ" ಎಂದಳು. ಕಸ್ತೂರಿಬಾಯಿ ಉಸಿರು ಬಿಟ್ಟರು. "ಆದರೆ ಹುಡುಗ ಅವಳಿಗೆ ಒಪ್ಪಿಗೆಯಾ? ಅವಳನ್ನ ಯಾರೂ ಕೇಳಲಿಲ್ಲ. ಕೇಳಿ."

"ಏ, ಆಕೀನ್ನ ಏನ ಕೇಳೂದ್ರಿ" ಎಂದು ಹುಡುಗಿಯ ತಂದೆ ನಕ್ಕರು. ರಾಮಸ್ವಾಮಿಯವರೂ ನಕ್ಕರು. ರಮಾನಾಥ ಪೂರ್ತಿ ನಕ್ಕು ಬಾಗಿಲ ಕಡೆ ನೋಡಿದ. ವನಮಾಲಾ ಚೌಕಟ್ಟು ಹಿಡಿದು ನಿಂತಿದ್ದಳು. "ನನಗ ವಿಚಾರ ಮಾಡಲಿಕ್ಕೆ ಟೈಮ್ ಬೇಕ್ರಿ" ಎಂದಳು. ನಗು ಒಬ್ಬೊಬ್ಬರ ಮುಖದಲ್ಲಿ ಒಂದೊಂದು ಥರ ನಿಂತುಹೋಯಿತು. ಕಸ್ತೂರಿಬಾಯಿ, "ಏನಂತೀ ವನೂ, ಹುಚ್ಚಿ" ಎಂದರು. ಆಮೇಲೆ ಆರಿದ ಉಪ್ಪಿಟ್ಟನ್ನು ಎಲ್ಲರೂ ತಲೆತಗ್ಗಿಸಿ ತಿಂದರು.

ಕೆಳಗೆ ರಾಮಸ್ವಾಮಿ ಆಟೋ ಹುಡುಕಲು ಮೂಲೆಯವರೆಗೆ ಹೋದರು. ಬಿಲ್ಡಿಂಗಿನ ಗೇಟಿನ ಬಳಿ ಅತ್ತಿಗೆ ಮೈದುನ ಇಬ್ಬರೇ ನಿಂತರು. ಅವನ ಮುಖ ಬಿಳಿಚಿತ್ತು, ಕಿವಿಗಳು ಕೆಂಪಾಗಿದ್ದವು, ಮದುವೆಯ ಹೊಸತರಲ್ಲಿ ಅವಳು ಕಂಡ ಕಾಲೇಜು ಹುಡುಗನೇ ಅವನೊಳಗಿಂದ ಇಣುಕುತ್ತಿದ್ದ. ಅವಳಿಗೆ ಅವನ ತಲೆ ಸವರಬೇಕೆನ್ನಿಸಿತು, ಕಪಾಳಕ್ಕೆ ಹೊಡೆಯಬೇಕೆಂದೂ ಅನ್ನಿಸಿತು.

"ಒಳಗೆ ಏನು ಹೇಳಿದಿರಿ ಅವಳಿಗೆ?"

"ಅವಳು ಕೇಳಿದ್ದಕ್ಕೆ ಉತ್ತರ ಹೇಳಿದೆ."

ಅವನು ಮತ್ತೆ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ. "ನೀವು ಹೀಗೆ ಮಾಡ್ತೀರಿ ಅಂತ ನಾನು ಅಂದ್ಕೊಂಡೇ ಇರಲಿಲ್ಲ ಅತ್ತಿಗೆ."

"ನಾನೂ ಅಂದ್ಕೊಂಡಿರಲಿಲ್ಲ ಕಣೋ" ಎಂದಳು ಸುಮಿತ್ರಾ. ಬೆಳಗಿನಿಂದ ಅವಳು ಆಡಿದ ಮಾತುಗಳಲ್ಲಿ ಇದೊಂದರ ಬಗ್ಗೆ ಮಾತ್ರ ಅವಳಿಗೆ ಯಾವ ಅನುಮಾನವೂ ಇರಲಿಲ್ಲ.